ಮಗ್ಗದ ಮನೆಯ ಬಾಯಿಬರಹ

ನನ್ನ ಜೊತೆ ಫೋನಿನಲ್ಲಿ ಮಾತಾಡುವವರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಳ್ಳುತ್ತಾರಂತೆ. ಮೊನ್ನೆ ನಂಟರ ಮದುವೆಯೊಂದರಲ್ಲಿ ಒಬ್ಬರು ಊಟದ ಪಂಕ್ತಿಯಲ್ಲಿ ಕೂತೇ ಅದನ್ನು ಅಭಿನಯಿಸಿ ತೋರಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ನನ್ನ ಮಾತಿಗೆ ಇನ್ನೊಂದು ಐಬೂ ಇದೆ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಸ್ವಲ್ಪ ಜಾಗ ಬಿಡುತ್ತೇನೆ, ಮೆಟ್ಟಿಲು ಇಳಿಯುವ ಮುದುಕಿಯ ಹಾಗೆ. ತಮ್ಮನ್ನು ದಡ್ಡರೆಂದು ತಿಳಿದು ಹೀಗೆ ಬಿಡಿಸಿ ಹೇಳುತ್ತಿದ್ದೇನೆ ಅಂದುಕೊಂಡು ಕೆಲವರು ಮುನಿಸಿಕೊಂಡದ್ದೂ ಉಂಟು. ಏನು ಮಾಡಲಿ? ಗಟ್ಟಿ ದನಿ ಹುಟ್ಟಿದ ಮನೆಯಿಂದ ಬಂತು. ಬಿಡಿಸಿ ಹೇಳುವ ಚಟವನ್ನು ಒಂದು ಕಂಪ್ಯೂಟರ್ ಕಲಿಸಿತು. ಎರಡನ್ನೂ ಬಿಡು ಅಂದರೆ ಈ ವಯಸ್ಸಿನಲ್ಲಿ ಆಗುವ ಮಾತಲ್ಲ.

ಹುಟ್ಟಿದ ಮನೆ ಅಂದೆನಲ್ಲ, ಅದು ದೊಡ್ಡಬಳ್ಳಾಪುರದಲ್ಲಿ. ಮುಂದಿನ ಹಜಾರದಲ್ಲಿ ನಾಲ್ಕು ಪವರ್‌ಲೂಮ್, ಹಿಂದುಗಡೆ ಅಡುಗೆಮನೆ ಮತ್ತು ಒಂದು ಕೋಣೆ. ಒಳ್ಳೆಯ ಬೆಳಕು, ಒಳ್ಳೆಯ ಗಾಳಿ, ಗಟ್ಟಿ ನೆಲ ಎಲ್ಲವೂ ಮಗ್ಗಗಳಿಗೆ. ಮಿಕ್ಕಿದ್ದರಲ್ಲಿ ಅಪ್ಪ, ಅಮ್ಮ, ನಾನು ಮೂವರೂ ಹೊಂದಿಕೊಂಡಿದ್ದೆವು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುವ ಸದ್ದು ಬೆಳಿಗ್ಗೆ ಶುರುವಾದರೆ ಕರೆಂಟ್ ಇರುವವರೆಗೂ ನಿಲ್ಲುತ್ತಿರಲಿಲ್ಲ. ನಮ್ಮ ಮನೆ ಒಂದೇ ಅಲ್ಲ, ಇಡೀ ಬೀದಿಯೇ ಹಾಗೆ. ಬೇರೆ ಊರುಗಳಲ್ಲಿ ಸದ್ದಾದರೆ ಕೂಸುಗಳು ಎದ್ದು ಅಳುತ್ತವೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಮಗ್ಗ ನಿಂತರೆ ಅಳುತ್ತಿದ್ದವು. ತೊಟ್ಟಿಲು ತೂಗುವುದಕ್ಕಿಂತ ಲೈನ್‌ಮ್ಯಾನ್‌ಗೆ ಕೈಮುಗಿಯುವುದು ಮೇಲು ಎಂದು ಬಾಣಂತಿಯರು ಹೇಳುತ್ತಿದ್ದರು.

ಆ ಸದ್ದಿನಲ್ಲಿ ಮಾತು ಹೇಗೆ ಎಂದು ಕೇಳುತ್ತೀರಿ. ಎರಡು ದಾರಿ. ಒಂದು, ಗಂಟಲು ಹರಿಯುವಂತೆ ಕೂಗುವುದು. ಹೊಸಬರು ನಮ್ಮ ಬೀದಿಗೆ ಬಂದರೆ ಮನೆಮನೆಯಲ್ಲೂ ಜಗಳ ನಡೆಯುತ್ತಿದೆ ಅಂದುಕೊಳ್ಳುತ್ತಿದ್ದರು. ಒಳಗೆ ನೋಡಿದರೆ ಯಾರೋ ಯಾರನ್ನೋ ಉಪ್ಪಿಟ್ಟು ಇನ್ನೂ ಸ್ವಲ್ಪ ಹಾಕಿಸಿಕೋ ಎಂದು ಬಲವಂತ ಮಾಡುತ್ತಿರುತ್ತಿದ್ದರು. ಇನ್ನೊಂದು, ಕೈಯಲ್ಲೇ ಮಾತಾಡುವುದು. ಮುಷ್ಟಿಯನ್ನು ತುಟಿಗೆ ತಂದರೆ ಕಾಫಿ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ. ಹಣೆಯ ಮೇಲೆ ಅಡ್ಡ ಬೆರಳೆಳೆದರೆ ಪುರೋಹಿತರು ಬಂದಿದ್ದಾರೆ, ಬನಿಯನ್ ಹಾಕಿಕೋ. ಅಪ್ಪ ಒಂದು ಮಾತೂ ಆಡದೆ, ಹತ್ತು ಬೆರಳಲ್ಲೇ ನನ್ನನ್ನು ಐದು ನಿಮಿಷ ಬಯ್ಯಬಲ್ಲವನಾಗಿದ್ದ. ನಾನೂ ಅಷ್ಟೇ ಚೆನ್ನಾಗಿ ಎದುರುತ್ತರ ಕೊಡುತ್ತಿದ್ದೆ. ಅವನ ಕಿವಿ ಯಾವತ್ತೋ ಮಗ್ಗಕ್ಕೆ ಹೋಗಿತ್ತು. ಆದರೆ ಒಪ್ಪಿಕೊಳ್ಳುತ್ತಿರಲಿಲ್ಲ. "ನನ್ಗೇನೂ ಕಿವಿ ಮಂದ ಇಲ್ಲ. ನೀವು ಮುಖ ತೋರ್ಸಿ ಮಾತಾಡಿ, ಎಲ್ಲ ಕೇಳ್ತದೆ" ಅನ್ನುತ್ತಿದ್ದ. ತುಟಿ ನೋಡಿ ಮಾತು ಹಿಡಿಯುವುದಕ್ಕೆ ಅವನು ಕೇಳುವುದು ಅಂತಲೇ ಹೆಸರಿಟ್ಟಿದ್ದ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಕಲಿಯಲು ಸೇರಿದೆ. ಬೇರೆ ಹುಡುಗಿಯರಿಗೆ ಅಲ್ಲಿನ ಟೈಪ್‌ರೈಟರುಗಳ ಸದ್ದಿಗೆ ತಲೆನೋವು ಬರುತ್ತಿತ್ತು. ನನಗೋ, ನಿಶ್ಶಬ್ದವಾದ ಹೈಸ್ಕೂಲಿನಿಂದ ಬಿಡುಗಡೆಯಾಗಿ ಮನೆಗೆ ಬಂದಷ್ಟು ನೆಮ್ಮದಿ. ಬೆರಳು ಚುರುಕಾಗಿತ್ತು. ನೇಕಾರರ ಮಗಳಲ್ಲವೇ, ಚಿಕ್ಕಂದಿನಿಂದ ಕಡಿದ ಎಳೆ ಗಂಟು ಹಾಕಿ ಹಾಕಿ ಪಳಗಿದ ಬೆರಳು. ಬೆಂಗಳೂರಿನ ಚಿಕ್ಕಪೇಟೆಯ ಕಡೆ ಒಂದು ಬಟ್ಟೆ ರಫ್ತು ಮಾಡುವ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹೊರದೇಶದ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು ನನ್ನ ಪಾಲಿನ ಕೆಲಸ. ಮ್ಯಾನೇಜರ್ ರಾಯರು ಮೊದಮೊದಲು ತಾವೇ ಹೇಳಿ ಬರೆಸುತ್ತಿದ್ದರು. ಆಮೇಲೆ "ಆ ಸ್ಕಾರ್ಫಿನವರಿಗೆ ಸ್ವಲ್ಪ ಸಿಹಿಯಾಗಿ ಬರೀರಿ ಗಿರಿಜಮ್ಮ, ಈ ಪರದೆಬಟ್ಟೆಯವರಿಗೆ ಸ್ವಲ್ಪ ಖಾರವಾಗಿ" ಎಂದು ಅಡುಗೆಯವಳಿಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದರು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ನನಗೆ ಆ ಕೆಲಸದ ಮೇಲೆ ಪ್ರಾಣ. ನಮ್ಮ ಬೀದಿಯಲ್ಲಿ ನೇಯ್ದ ಬಟ್ಟೆಯ ಬಗ್ಗೆ, ನಮ್ಮ ಬೀದಿಯನ್ನು ಕನಸಿನಲ್ಲೂ ಕಾಣದವರಿಗೆ, ನಾನು ಬರೆದು ಒಪ್ಪಿಸುತ್ತಿದ್ದೆ. ಇದಕ್ಕಿಂತ ದೊಡ್ಡ ಅಧಿಕಾರ ತಾಲ್ಲೂಕು ಕಚೇರಿಯಲ್ಲೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯವಾಗಿತ್ತು.

ಮೂವತ್ತು ದಾಟುವ ಹೊತ್ತಿಗೆ ಕೀಲುವಾತ ಬಂತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಮಡಚಿದರೆ ಬಿಡಿಸಲು ಬಾರದು. ಅಮ್ಮ ಹುರುಳಿ ಬಿಸಿಮಾಡಿ ಶಾಖ ಕೊಟ್ಟಳು. ಹತ್ತಿರದ ಸಾಸಲು ಊರಿನಿಂದ ಯಾರೋ ಎಣ್ಣೆ ತಂದುಕೊಟ್ಟರು. ಅದರ ವಾಸನೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ ಸಿಗುತ್ತಿತ್ತು, ಅಷ್ಟು ಉಪಕಾರವಾಯಿತು. ಬೆಂಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ನೋವು ಇಳಿಯುತ್ತೆ, ಬೆರಳು ಹಳೇ ಥರ ಆಗೋದು ಕಷ್ಟ ಎಂದು ನೇರವಾಗಿ ಹೇಳಿದರು. ಹಾಗೇ ಆಯಿತು. ನೋವು ಹತೋಟಿಗೆ ಬಂತು. ಬೆರಳುಗಳು ಮಾತ್ರ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿ ನಿಂತವು. ಊಟಕ್ಕೆ ಚಮಚ ಹಿಡಿಯಬಲ್ಲೆ, ಬಾಗಿಲು ಮೊಣಕೈಯಲ್ಲಿ ತಳ್ಳಬಲ್ಲೆ. ಟೈಪಿಂಗ್ ಮುಗಿಯಿತು. ಮಗ್ಗದ ಮನೆಯ ಕೈಮಾತೂ ಮುಗಿಯಿತು. ನಾನು ಕಾಫಿ ಕೇಳಿದರೆ ಅಪ್ಪ ಪುರೋಹಿತರನ್ನು ಹುಡುಕಿಕೊಂಡು ಬಾಗಿಲಿಗೆ ಹೋಗುತ್ತಿದ್ದ.

ಇದನ್ನೆಲ್ಲ ಈಗ ನಗುತ್ತ ಹೇಳುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಮದುವೆಯ ಮಾತು ಎತ್ತುವವರು ನನ್ನ ಕೈ ನೋಡಿ ಮಾತು ಬದಲಿಸುತ್ತಿದ್ದರು. ಅದಕ್ಕೆ ನಾನು ಅತ್ತವಳಲ್ಲ. ಆದರೆ ಕೆಲಸವೂ ಹೋದರೆ? ಒಬ್ಬಳೇ ಮಗಳು ನಾನು. ಗೋಡೆಗೆ ಒರಗಿ ಕೂತು, ಯಾರಾದರೂ ತಟ್ಟೆ ತಂದು ಇಡುವುದನ್ನು ಕಾಯುವ ಹೆಂಗಸಾಗಿ ನನ್ನನ್ನು ನಾನು ಊಹಿಸಿಕೊಂಡು ಹೆದರಿಕೊಂಡಿದ್ದೆ. ಅಪ್ಪ ದಿನಕ್ಕೊಂದು ಸಲ, "ನಾನಿರೋವರ್ಗೂ ನಿನ್ಗೇನಮ್ಮ ಕಡ್ಮೆ?" ಅನ್ನುತ್ತಿದ್ದ. ಸಮಾಧಾನಕ್ಕೆಂದು ಅವನು ಹೇಳುತ್ತಿದ್ದ ಆ ಮಾತು ಕೇಳಿದಾಗಲೆಲ್ಲ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ರಾಯರು ಒಳ್ಳೆಯವರು. ಕೂಡಲೇ ಕೆಲಸದಿಂದ ತೆಗೆಯಲಿಲ್ಲ. ಯಾರೋ ಹೊರದೇಶದ ಗಿರಾಕಿ ಹೇಳಿದ್ದು ಕೇಳಿ, ಮಾತು ಕೇಳಿಸಿಕೊಂಡು ತಾನೇ ಬರೆಯುವ ಒಂದು ಪ್ರೋಗ್ರಾಮನ್ನು ತರಿಸಿದರು. ಕಚೇರಿಯ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಸಿ, ನಮ್ಮ ಮನೆಗೇ ಕಳಿಸಿಕೊಟ್ಟರು. "ಯುಗಾದಿವರೆಗೂ ಟೈಮ್ ತಗೊಳ್ಳಿ ಗಿರಿಜಮ್ಮ. ಆಮೇಲೆ ಬಂದು ನನ್ನೆದುರಿಗೆ ಒಂದು ಪುಟ ಬರೆದು ತೋರಿಸಿ. ಅದು ಆಯಿತು ಅಂದರೆ ಕೆಲಸ ನಿಮ್ಮದೇ. ಆಗಲಿಲ್ಲ ಅಂದರೆ ನಾನು ಬೇರೆ ಟೈಪಿಸ್ಟನ್ನ ನೋಡಲೇಬೇಕು, ಬೇಜಾರು ಮಾಡ್ಕೋಬೇಡಿ" ಅಂದರು. ಬೇಜಾರು ಯಾರು ಮಾಡಿಕೊಳ್ಳುತ್ತಾರೆ? ನಾನು ಹೆದರಿ ಅರ್ಧ ಸತ್ತಿದ್ದೆ.

ತೊಂಬತ್ತರ ದಶಕದ ಆ ಪ್ರೋಗ್ರಾಮ್ ಈಗಿನ ಫೋನುಗಳ ಹಾಗೆ ಯಾರ ಮಾತೆಂದರೆ ಅವರ ಮಾತು ಕೇಳುತ್ತಿರಲಿಲ್ಲ. ಮೊದಲು ಅದು ನಿಮ್ಮ ದನಿಯ ಪರಿಚಯ ಮಾಡಿಕೊಳ್ಳಬೇಕು. ತಲೆಗೆ ಒಂದು ಪಟ್ಟಿ, ಕಿವಿಗೆ ಬಟ್ಟಲು, ಬಾಯಿಯ ಮುಂದೆ ಸ್ಪಂಜಿನ ಉಂಡೆ ಕಟ್ಟಿದ ಮೈಕು ಹಾಕಿಕೊಂಡು, ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದುತ್ತ ಹೋಗಬೇಕು. ಅದೂ ಒಂದೊಂದೇ ಪದ, ನಡುವೆ ಜಾಗ ಬಿಟ್ಟು. ಅವಸರ ಮಾಡಿದರೆ ಮತ್ತೆ ಓದು ಅನ್ನುತ್ತಿತ್ತು. ಕೀಲಿಮಣೆ ಮುಟ್ಟಲೇಬೇಕಾದಾಗ ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು ಅದರ ಹಿಂತುದಿಯಿಂದ ಒತ್ತುತ್ತಿದ್ದೆ.

ಪಾಠ ಶುರುಮಾಡಲು ಅಮಾವಾಸ್ಯೆಯನ್ನೇ ಆರಿಸಿಕೊಂಡೆ. ಕೇಳಿದವರು ಒಳ್ಳೆ ಮುಹೂರ್ತ ಎಂದು ನಕ್ಕರು. ಆದರೆ ನಮ್ಮ ಬೀದಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಓಡಿಸುವುದಿಲ್ಲ. ಒರೆಸಿ, ಎಣ್ಣೆ ಬಿಟ್ಟು, ಹೂವಿಟ್ಟು ಸುಮ್ಮನೆ ಬಿಡುತ್ತಾರೆ. ತಿಂಗಳಿಗೊಮ್ಮೆ ಕರೆಂಟೂ ಇದ್ದು ಸದ್ದೂ ಇಲ್ಲದ ದಿನ ಅದೊಂದೇ. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ರೇಡಿಯೋದವರ ಹಾಗೆ ನಯವಾದ ದನಿಯಲ್ಲಿ ಓದಿದೆ. ಯಾವುದೋ ದೇಶದ ಯಾವುದೋ ಸರೋವರ, ಅದರಲ್ಲಿನ ಮೀನು, ಆ ಮೀನಿನ ಸ್ವಭಾವ. ಅಷ್ಟು ಶ್ರದ್ಧೆಯಿಂದ ನಾನು ಹರಿಕಥೆಯನ್ನೂ ಕೇಳಿದವಳಲ್ಲ.

ಹೊರಗೆ ಬಂದಾಗ ಎದುರುಮನೆಯ ಪುಟ್ಟತಾಯಮ್ಮ ವೀಳ್ಯದೆಲೆ, ನಿಂಬೆಹಣ್ಣು ಇಟ್ಟುಕೊಂಡ ತಟ್ಟೆ ಹಿಡಿದು ಬಾಗಿಲಲ್ಲಿ ಕೂತಿದ್ದರು.

"ಏನ್ ಪುಟ್ಟತಾಯಮ್ಮ?" ಅಂದೆ.

"ಏನಿಲ್ಲ ಕಣವ್ವ. ಒಂದು ಕಿವಿ ಓಲೆ ಕಳ್ದೋಗೈತೆ. ಮೈಮೇಲೆ ಬಂದಿರೋವಾಗ್ಲೇ ಕೇಳ್ಬಿಡಾನ ಅಂತ ಬಂದೆ. ನೀನು ಬಾಗ್ಲು ಹಾಕ್ಕೊಂಬಿಟ್ಟಿದ್ದೆ."

ನನಗೆ ಅರ್ಥವಾಗುವುದರೊಳಗೆ ಅಮ್ಮ ಅಡುಗೆಮನೆಯಿಂದಲೇ, "ಅದು ಇಂಗ್ಲಿಷ್ ದೇವ್ರು ಪುಟ್ಟತಾಯಮ್ಮ, ನಮ್ಮ ಓಲೆಗೀಲೆ ಅದಕ್ಕೆ ಗೊತ್ತಾಗಾಕಿಲ್ಲ" ಅಂದಳು. ನಿಂಬೆಹಣ್ಣನ್ನು ಮಾತ್ರ ಇಸಿದುಕೊಂಡು ಚಿತ್ರಾನ್ನ ಮಾಡಿದಳು. ಓಲೆ ಅವರ ಮನೆಯ ಅಕ್ಕಿ ಡಬ್ಬದಲ್ಲೇ ಸಿಕ್ಕಿತು. ಸಿಕ್ಕಿದ್ದಕ್ಕೆ ಕಾರಣ ನಾನೇ ಎಂದು ಬಹಳ ದಿನ ಬೀದಿಯಲ್ಲಿ ಒಂದು ಸಣ್ಣ ಗೌರವ ಉಳಿದಿತ್ತು. ನಾನು ಅದನ್ನು ಕೆಡಿಸಲು ಹೋಗಲಿಲ್ಲ.

ಸಂಜೆಯ ಹೊತ್ತಿಗೆ ನಾನು ಹೇಳಿದ್ದನ್ನು ಯಂತ್ರ ಬರೆಯಿತು. ಬಹಳ ಅಲ್ಲ, ನಾಲ್ಕು ಸಾಲು. ಪರದೆಯ ಮೇಲೆ ನನ್ನ ಮಾತು ಅಕ್ಷರವಾಗಿ ಮೂಡುತ್ತಿದ್ದರೆ ನನಗೆ ಬೆರಳುಗಳೇ ತಿರುಗಿ ಬಂದಷ್ಟು ಸಂತೋಷವಾಯಿತು. ಅಮ್ಮನನ್ನು ಕರೆದು ತೋರಿಸಿದೆ, ಅಪ್ಪನನ್ನು ಕರೆದು ತೋರಿಸಿದೆ. ಅಪ್ಪ ಯಂತ್ರದ ಹಿಂದೆ ಬಗ್ಗಿ, ಒಳಗಿಂದ ಯಾರು ಬರೆಯುತ್ತಿದ್ದಾರೆ ಎಂದು ನೋಡುವ ಹಾಗೆ ಬಹಳ ಹೊತ್ತು ನೋಡಿದ.

ಮಾರನೆಯ ದಿನ ಮಗ್ಗ ಶುರುವಾಯಿತು. ನಾನು ಮೈಕು ಸಿಕ್ಕಿಸಿಕೊಂಡು ಮಾತಾಡಿದೆ. ಯಂತ್ರ ಬರೆದದ್ದನ್ನು ಓದಿದರೆ ಅದು ಯಾವ ದೇಶದ ಭಾಷೆಯೂ ಆಗಿರಲಿಲ್ಲ. ಮೈಕಿಗೆ ಬಟ್ಟೆ ಸುತ್ತಿದೆ. ಕಂಬಳಿ ಹೊದ್ದು ಒಳಗೆ ಕೂತು ಹೇಳಿದೆ. ಬೆವರಿನಲ್ಲಿ ಸ್ನಾನವಾಯಿತೇ ಹೊರತು ಒಂದು ಸಾಲು ಬರಲಿಲ್ಲ. ಯೋಚಿಸಿದಾಗ ಗೊತ್ತಾಯಿತು, ತಪ್ಪು ಸದ್ದಿನದಷ್ಟೇ ಅಲ್ಲ. ಮಗ್ಗ ಓಡಲು ಶುರುವಾದ ಕೂಡಲೇ ನಮಗೆ ತಿಳಿಯದೇ ನಮ್ಮ ದನಿ ಏರುತ್ತದೆ. ಹುಟ್ಟಾ ಬಂದ ಅಭ್ಯಾಸ. ನಿನ್ನೆ ಮೀನಿನ ಕಥೆ ಓದಿದ ನಯದ ಹೆಂಗಸಿಗೂ ಇವತ್ತು ಕೂಗುತ್ತಿರುವ ಈ ಹೆಂಗಸಿಗೂ ಸಂಬಂಧವೇ ಇಲ್ಲ ಎಂದು ಯಂತ್ರ ತೀರ್ಮಾನಿಸಿಬಿಟ್ಟಿತ್ತು.

ಕರೆಂಟ್ ಹೋದಾಗ ಮಗ್ಗ ನಿಲ್ಲುತ್ತದೆ, ಆಗ ಹೇಳೋಣ ಅಂದರೆ ಆಗ ಕಂಪ್ಯೂಟರೂ ಸತ್ತಿರುತ್ತದೆ. ಕರೆಂಟ್ ಬಂದ ಕೂಡಲೇ ಬೀದಿಗೆ ಬೀದಿಯೇ ಖಟಪಟ ಶುರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ನನ್ನ ಪಾಲಿಗೆ ಪೂಜಾರಿ ವಿದ್ಯುತ್ ಇಲಾಖೆ. ಹೀಗೇ ಆದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಕೆಲಸ ಮಾಡುವ ಗುಮಾಸ್ತೆ ಎಂದು ಲೋಕದಲ್ಲೇ ಮೊದಲನೆಯವಳಾಗುತ್ತಿದ್ದೆ.

ಅಪ್ಪ ಬಂದು ನನ್ನ ಮುಖ ನೋಡಿದ. ಏನೂ ಕೇಳದೆ ಹಜಾರಕ್ಕೆ ಹೋಗಿ ನಾಲ್ಕೂ ಮಗ್ಗ ನಿಲ್ಲಿಸಿಬಿಟ್ಟ. ವಾಪಸು ಬಂದು, "ಈಗ ಹೇಳ್ಕೋ" ಅಂದ.

"ನಿನ್ಗೇನ್ ತಲೆ ಕೆಟ್ಟೈತಾ? ಹಬ್ಬದ ಮುಂದೆ ಯಾರಾದ್ರೂ ಮಗ್ಗ ನಿಲ್ಲಿಸ್ತಾರಾ?"

"ದಿನಾ ಒಂದೊಂದ್ ಗಂಟೆ ನಿಲ್ಸಿದ್ರೆ ಏನೂ ಮುಳುಗೋಗಲ್ಲ."

"ಪಕ್ಕದ್ಮನೇರೂ ನಿಲ್ಲಿಸ್ತಾರಾ? ಎದುರುಮನೇರೂ? ಇಡೀ ಬೀದಿನೇ ನನಗೋಸ್ಕರ ಬಾಯ್ಮುಚ್ಕೊಂಡು ಕೂರ್ಬೇಕಾ?"

"ನಾನು ಕೇಳ್ಕೊಂಡ್ರೆ ಇಲ್ಲ ಅನ್ನಲ್ಲ ಅವ್ರು."

ಕೇಳಿಕೊಂಡೇ ಬಿಡುತ್ತಿದ್ದ, ಅಂಥವನು ಅವನು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಇನ್ನೊಬ್ಬರ ದಯದಲ್ಲಿ ಕೂರಬಾರದು ಎಂದು ತಾನೇ ನಾನು ಈ ಯಂತ್ರದ ಬೆನ್ನು ಬಿದ್ದದ್ದು? ಅದಕ್ಕಾಗಿ ಇಡೀ ಬೀದಿಯ ದಯ ಕೇಳುವುದೇ? ಹೋಗಿ ಮಗ್ಗ ಹಾಕು ಎಂದು ಕೂಗಾಡಿದೆ. ನಿಂತ ಮಗ್ಗಗಳ ನಿಶ್ಶಬ್ದದಲ್ಲಿ ನನ್ನ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತಂತೆ.

ಆಗ ಅಮ್ಮ ಬಂದಳು. ಅವಳ ತವರು ನಂದಗುಡಿಯ ಕಡೆ. ರಾಗಿ ಹೊಲ, ಹಸು, ಹಾಲು. ಹಕ್ಕಿ ಕೂಗಿದರೆ ಅದೇ ದೊಡ್ಡ ಸದ್ದು ಅನ್ನುವಂಥ ಊರಿನಿಂದ ಮದುವೆಯಾಗಿ ಈ ಬೀದಿಗೆ ಬಂದು ಬಿದ್ದವಳು.

"ನಾನು ಬಂದಾಗ ನಿಮ್ಮಜ್ಜಿ ಏನ್ಮಾಡಿದ್ರು ಗೊತ್ತಾ? ತಲೆನೋವು ಅಂತ ಅಳ್ತಾ ಇದ್ರೆ ಮಗ್ಗ ನಿಲ್ಸಿದ್ರಾ? ನನ್ನ ಕೈ ಹಿಡ್ಕೊಂಡು ಬಂದು ಮಗ್ಗದ ಪಕ್ಕದಲ್ಲೇ ಕೂರ್ಸಿದ್ರು. ಊಟಾನೂ ಅಲ್ಲೇ, ಅಕ್ಕಿ ಆರ್ಸೋದೂ ಅಲ್ಲೇ, ತಲೆ ಬಾಚ್ಕೊಳ್ಳೋದೂ ಅಲ್ಲೇ. ಇವತ್ತಿಗೂ ಈ ಬೀದೀಲಿ ಹೊರಗ್ನಿಂದ ಬಂದ ಸೊಸೇರ್ಗೆ ಅದೇ ತಾನೆ ಮಾಡೋದು? ಹಬ್ಬ ಬರೋದ್ರೊಳಗೆ ನನ್ಗೆ ಸದ್ದು ಐತೆ ಅನ್ನೋದೇ ಮರ್ತೋಗಿತ್ತು. ನೀನು ಈ ಪೆಟ್ಗೇನ ಒಳಗಡೆ ಬಾಗ್ಲು ಹಾಕ್ಕೊಂಡು ಮುದ್ದು ಮಾಡ್ತಿದ್ದೀಯ. ಅದು ಹೆಂಗಮ್ಮ ಹೊಂದ್ಕೊಳ್ತದೆ? ತಂದು ಮಗ್ಗದ ಪಕ್ಕ ಇಡು."

ನಾನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪೆಟ್ಟಿಗೆ ತಯಾರಿಸಿದವರು ಜೊತೆಗೆ ಕಳಿಸಿದ್ದ ದಪ್ಪ ಪುಸ್ತಕದಲ್ಲಿ ಸದ್ದಿಲ್ಲದ ಜಾಗದಲ್ಲಿ ಇಡಿ ಎಂದು ಬರೆದಿದ್ದರು. ಆದರೆ ಅವರ ಮನೆಗೆ ನಂದಗುಡಿಯಿಂದ ಸೊಸೆ ಬಂದಿರಲಿಲ್ಲವಲ್ಲ.

ಹೊಸ ಸೊಸೆಗೆ ಹಜಾರದಲ್ಲಿ ಜಾಗವಾಯಿತು, ಎರಡನೆಯ ಮಗ್ಗಕ್ಕೂ ಗೋಡೆಗೂ ನಡುವೆ. ನಯದ ಹೆಂಗಸಿನ ದನಿಯನ್ನು ಅಳಿಸಿ ಮೊದಲಿನಿಂದ ಶುರುಮಾಡಿದೆ. ಮಗ್ಗಗಳು ಓಡುತ್ತಿದ್ದ ಹಾಗೇ, ಸ್ಪಂಜಿನ ಉಂಡೆಯನ್ನು ತುಟಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಸರೋವರ, ಮೀನು, ಮೀನಿನ ಸ್ವಭಾವ ಎಲ್ಲವನ್ನೂ ಗಂಟಲೆತ್ತಿ ಕೂಗಿದೆ. ಮೊದಲ ವಾರ ಯಂತ್ರ ಬಹಳ ಹಠ ಮಾಡಿತು. ನಾನೂ ಮಾಡಿದೆ. ಅಮ್ಮ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತ ಪಕ್ಕದಲ್ಲೇ ಕೂತು, "ಬಿಡ್ಬೇಡ, ಇನ್ನೊಂದ್ಸಲ ಹೇಳು" ಎಂದು ತುಟಿಯಲ್ಲೇ ಅನ್ನುತ್ತಿದ್ದಳು. ನಿಧಾನವಾಗಿ ಅದು ಬಗ್ಗಿತು. ಸದ್ದು ಸದ್ದಿನ ಪಾಡಿಗೆ, ನನ್ನ ದನಿ ನನ್ನ ಪಾಡಿಗೆ ಎಂದು ಬೇರೆ ಮಾಡಿ ನೋಡಲು ಕಲಿತಿತು. ಶಿವರಾತ್ರಿಯ ಹೊತ್ತಿಗೆ ಒಂದು ಪೂರಾ ಪುಟ ಬಂತು. ತಪ್ಪುಗಳಿದ್ದವು, ಟೈಪ್‌ರೈಟರಿನಲ್ಲಿ ನಾನು ತಪ್ಪೇ ಮಾಡುತ್ತಿರಲಿಲ್ಲ ಎಂದು ಯಾರು ಹೇಳಿದರು?

ಆ ದಿನಗಳಲ್ಲಿ ನನಗೆ ಇನ್ನೊಂದು ಕಾಯಿಲೆ ಅಂಟಿಕೊಂಡಿತು. ಯಂತ್ರಕ್ಕೆ ಚುಕ್ಕೆ, ಅಲ್ಪವಿರಾಮಗಳನ್ನೂ ಬಾಯಲ್ಲೇ ಹೇಳಬೇಕಿತ್ತು. ಹಾಗಾಗಿ ಅಮ್ಮನಿಗೂ "ಅನ್ನ ಸಾಕು ಫುಲ್‌ಸ್ಟಾಪ್" ಅನ್ನುತ್ತಿದ್ದೆ. ಅಮ್ಮ ಅದನ್ನು ಅಪ್ಪನ ಮೇಲೆ ಬಳಸಲು ಶುರುಮಾಡಿದಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಉಪಯುಕ್ತವಾದ ಪದ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ಯುಗಾದಿ ಕಳೆದ ಮೇಲೆ ರಾಯರಿಂದ ಕರೆ ಬಂತು. ನನ್ನ ದನಿಯೆಲ್ಲ ಇದ್ದದ್ದು ಆ ಹಳೆಯ ಕಂಪ್ಯೂಟರಿನ ಪೆಟ್ಟಿಗೆಯೊಳಗೆ, ಅದನ್ನೇ ಒಯ್ಯಬೇಕು. ಅಪ್ಪ ಅದನ್ನು ಒಂದು ದಪ್ಪ ಬಿಳಿ ಬಟ್ಟೆಯಲ್ಲಿ ಇಟ್ಟು, ಪೇಟೆಗೆ ಸೀರೆ ಒಯ್ಯುವಾಗ ಕಟ್ಟುವ ಹಾಗೆ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿದ. ಅವನಿಗೆ ಬೇರೆ ಥರ ಕಟ್ಟಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರ್ ಬಂದು, "ಯಜಮಾನ್ರೇ, ಸೀರೆ ಗಂಟಿಗೆ ಲಗೇಜ್ ಮಾಡ್ಸಿ" ಅಂದ.

"ಸೀರೆ ಅಲ್ಲಪ್ಪಾ ಇದು, ನನ್ನ ಮಗಳ ಕೈ" ಎಂದು ಅಪ್ಪ ಹೇಳಿದ. ಅವನ ಮಟ್ಟಿಗೆ ಮೆಲ್ಲಗೇ ಹೇಳಿದ್ದು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಗಂಟನ್ನು ನೋಡಿ, ನನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿ, ಏನು ಅರ್ಥವಾಯಿತೋ, ಸುಮ್ಮನೆ ಮುಂದಕ್ಕೆ ಹೋದ. ನನಗೆ ನಾಚಿಕೆಯಲ್ಲಿ ಸೀಟಿನ ಕೆಳಗೆ ತೂರಿಕೊಳ್ಳುವಂತಾಯಿತು. ಅಪ್ಪನ ಮೇಲೆ ಪ್ರೀತಿಯೂ ಉಕ್ಕಿತು. ಎರಡೂ ಒಟ್ಟಿಗೆ ಆಗುವುದು ನಮ್ಮ ಮನೆಯಲ್ಲಿ ಅಪರೂಪವೇನಲ್ಲ.

ರಾಯರ ಕೋಣೆಗೆ ಆಗ ಹೊಸದಾಗಿ ಎ.ಸಿ. ಹಾಕಿಸಿದ್ದರು. ಗಾಜಿನ ಬಾಗಿಲು, ನೆಲಕ್ಕೆ ಜಮಖಾನ. ಗಡಿಯಾರದ ಸದ್ದೂ ಕೇಳಿಸುವಷ್ಟು ನಿಶ್ಶಬ್ದ. ಪೆಟ್ಟಿಗೆಯನ್ನು ಅವರ ಪರದೆಗೆ ಜೋಡಿಸಿದರು. ಅಪ್ಪ ಗೋಡೆ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. "ಪರದೆಬಟ್ಟೆಯವರಿಗೆ ಮಾಲು ತಡವಾಗಿದೆ ಗಿರಿಜಮ್ಮ. ಸಮಾಧಾನ ಹೇಳಿ ಒಂದು ಪತ್ರ ಬರೀರಿ, ನೋಡೋಣ" ಅಂದರು ರಾಯರು. ಅಂಥ ಪತ್ರವನ್ನು ನಾನು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಮೈಕು ಹಾಕಿಕೊಂಡೆ. ದೊಡ್ಡವರ ಕೋಣೆ, ಎದುರಿಗೆ ಮ್ಯಾನೇಜರು. ನಾಲ್ಕು ಜನರ ನಡುವೆ ಹೇಗೆ ಮಾತಾಡಬೇಕೋ ಹಾಗೆ ವಿನಯದಿಂದ, ಮೆಲ್ಲಗೆ ಶುರುಮಾಡಿದೆ.

ಪರದೆಯ ಮೇಲೆ ಕಸ ಬಂತು. ಅಳಿಸಿ ಮತ್ತೆ ಹೇಳಿದೆ. ಮತ್ತೆ ಕಸ. ಗಟ್ಟಿಯಾಗಿ ಹೇಳಬೇಕು ಎಂದು ಗೊತ್ತು. ಆದರೆ ಆ ನಿಶ್ಶಬ್ದದಲ್ಲಿ ಗಂಟಲು ಏಳದು. ಕೂಗಬೇಕೆಂದು ಬಾಯಿ ತೆರೆದರೆ ಇನ್ನೂ ತೆಳ್ಳಗಿನ ದನಿ ಹೊರಡುತ್ತಿತ್ತು. ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಕೆಟ್ಟ ಸುದ್ದಿ ಹೇಳುವ ಮುಂಚೆ ಅವರು ಹಾಗೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಮುಗಿಯಿತು, ಇನ್ನು ಗೋಡೆಗೆ ಒರಗಿ ಕೂರುವುದೇ ಅಂದುಕೊಂಡೆ.

ಆಗ ಕೋಣೆಯಲ್ಲಿ ಸಿಡಿಲು ಬಡಿದಂತಾಯಿತು. ತಿರುಗಿ ನೋಡಿದರೆ ಅಪ್ಪ ಎದ್ದು ನಿಂತು, ರಾಯರ ಕಬ್ಬಿಣದ ಬೀರುವನ್ನು ಎರಡೂ ಅಂಗೈಯಿಂದ ಬಡಿಯುತ್ತಿದ್ದ. ಸುಮ್ಮನೆ ಬಡಿತವಲ್ಲ. ಖಟಕ್‌ಪಟಕ್ ಖಟಕ್‌ಪಟಕ್ ಎಂದು, ಒಂದಿಷ್ಟೂ ಲಯ ತಪ್ಪದೆ, ನಮ್ಮ ಹಜಾರದ ಮಗ್ಗ ಓಡುವ ಹಾಗೆ.

"ಯಜಮಾನ್ರೇ! ಏನ್ ಮಾಡ್ತಿದ್ದೀರಿ?" ಎಂದು ರಾಯರು ಎದ್ದರು. ಅಪ್ಪ ಅವರ ಕಡೆ ನೋಡಲಿಲ್ಲ. ಅವನ ಕಣ್ಣು ನನ್ನ ತುಟಿಯ ಮೇಲಿತ್ತು. "ಹೇಳಮ್ಮ" ಅಂದ. ಕಬ್ಬಿಣದ ಬೀರು, ಒಳಗಿದ್ದ ಫೈಲುಗಳು, ಮೇಲಿದ್ದ ಹೂದಾನಿ ಎಲ್ಲ ಸೇರಿ ನಾಲ್ಕು ಮಗ್ಗದ ಸದ್ದು ಮಾಡುತ್ತಿದ್ದವು. ಗಾಜಿನ ಬಾಗಿಲಿಗೆ ಗುಮಾಸ್ತರೆಲ್ಲ ಬಂದು ಮುತ್ತಿಕೊಂಡರು.

ನನ್ನ ದನಿ ತಾನಾಗಿ ಎದ್ದಿತು. ಮಾನ್ಯರೇ, ನಿಮ್ಮ ಮಾಲು ತಡವಾದದ್ದಕ್ಕೆ ನಮಗೆ ಬಹಳ ವಿಷಾದವಿದೆ ಎಂದು ಇಂಗ್ಲಿಷಿನಲ್ಲಿ, ಒಂದೊಂದೇ ಪದವಾಗಿ, ಬೀದಿಯ ಆಚೆ ತುದಿಗೆ ಕೇಳುವಂತೆ ಕೂಗಿದೆ. ಅಷ್ಟು ಜೋರಾಗಿ ಯಾರೂ ಯಾವ ಗಿರಾಕಿಯ ಕ್ಷಮೆಯನ್ನೂ ಕೇಳಿರಲಾರರು. ಪರದೆಯ ಮೇಲೆ ಪದದ ಹಿಂದೆ ಪದ ಬಂತು. ಸಾಲು ತುಂಬಿತು, ಇನ್ನೊಂದು ಸಾಲು ಬಂತು. ರಾಯರು ಕನ್ನಡಕ ಹಾಕಿಕೊಂಡು ನನ್ನ ಹೆಗಲ ಹಿಂದೆ ಬಂದು ನಿಂತರು. ಓದುತ್ತ ಓದುತ್ತ ಅವರಿಗೆ ನಗು ಹತ್ತಿತು. ಕೊನೆಯ ಫುಲ್‌ಸ್ಟಾಪ್ ಹೇಳಿ ನಾನು ನಿಲ್ಲಿಸಿದಾಗ ಅಪ್ಪನ ಅಂಗೈಗಳು ಕೆಂಪಗೆ ಕೆಂಡವಾಗಿದ್ದವು.

"ಕೆಲಸ ನಿಮ್ಮದೇ ಗಿರಿಜಮ್ಮ. ಆದ್ರೆ ದಯವಿಟ್ಟು ಮನೆಯಲ್ಲೇ ಕೂತು ಮಾಡಿ. ನನ್ನ ಬೀರು ತಡೆಯಲ್ಲ" ಅಂದರು ರಾಯರು. ಅಪ್ಪ ಆ ಕಾಗದವನ್ನು ಅಚ್ಚು ಹಾಕಿಸಿಕೊಡಿ ಎಂದು ಕೇಳಿ ತೆಗೆದುಕೊಂಡ. ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿದೆಯೇ ಎಂದು ನೋಡುವಾಗ ಮಾಡುವ ಹಾಗೆ, ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಚೆನ್ನಾಗಿ ಬಂದೈತೆ" ಎಂದು ಮಡಚಿ ಜೇಬಿನಲ್ಲಿಟ್ಟುಕೊಂಡ.

ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಕೂತೆವು. ಗಂಟು ಅವನ ತೊಡೆಯ ಮೇಲೆ. ಬಸ್ಸು ಯಲಹಂಕ ದಾಟಿತು. ಅಪ್ಪ ನನ್ನ ಕಡೆ ಬಗ್ಗಿ, ಗುಟ್ಟು ಹೇಳುವವನಂತೆ ಕೈ ಅಡ್ಡ ಹಿಡಿದು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದ:

"ಇನ್ನು ನಾನು ಸತ್ರೂ ಚಿಂತೆಯಿಲ್ಲ ಕಣಮ್ಮ."

ಮುಂದಿನ ಸೀಟಿನವರು ತಿರುಗಿದರು. ಡ್ರೈವರೂ ಕನ್ನಡಿಯಲ್ಲಿ ನೋಡಿದ. ಇಷ್ಟು ವರ್ಷ ದಿನಕ್ಕೊಂದು ಸಲ ನಾನಿದ್ದೀನಿ ನಾನಿದ್ದೀನಿ ಎಂದು ಹೇಳುತ್ತಿದ್ದವನು ನನಗಿಂತ ಹೆಚ್ಚು ಹೆದರಿಕೊಂಡಿದ್ದ ಎಂದು ನನಗೆ ಆಗ ಗೊತ್ತಾಯಿತು. ಕಣ್ಣು ತುಂಬಿ ಬಂತು. ಹಿಂದಿನಿಂದ ಯಾರೋ ಅಜ್ಜಿ, "ಬಿಡ್ತು ಅನ್ನು, ಒಳ್ಳೆ ದಿನ ಇಂಥ ಮಾತಾಡ್ತಾರಾ?" ಎಂದು ಗದರಿದರು. ಅವನಿಗೆ ಕೇಳಿಸಲಿಲ್ಲ.

ನಾನು ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡು, ಅವನಷ್ಟೇ ಜೋರಾಗಿ ಹೇಳಿದೆ: "ನೀನು ಹೋದ್ರೆ ಮಗ್ಗ ಓಡ್ಸೋರ್ಯಾರಪ್ಪ? ಸದ್ದಿಲ್ದಿದ್ರೆ ನನಗೆ ಒಂದಕ್ಷರ ಬರೆಯಕ್ಕಾಗಲ್ಲ. ನೋಡಿದ್ಯಲ್ಲ ಇವತ್ತು."

ಅಪ್ಪ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಗಂಟಿನ ಮೇಲೆ ಕೈಯಿಟ್ಟುಕೊಂಡು ರಾಜಾನುಕುಂಟೆ ಬರುವವರೆಗೂ ಕಿಟಕಿಯಾಚೆ ನೋಡುತ್ತ ಯೋಚಿಸಿದ. ಆಮೇಲೆ ಏನೋ ನಿರ್ಧಾರಕ್ಕೆ ಬಂದವನಂತೆ ತಲೆಯಾಡಿಸಿ ಹೇಳಿದ:

"ಹಂಗಾದ್ರೆ ನಾಳೆ ದೊಡ್ಡಾಸ್ಪತ್ರೆಗೆ ಹೋಗಿ ಬಿ.ಪಿ. ತೋರಿಸ್ಕೊಂಡು ಬರ್ತೀನಿ."